ಮೊದಲ ‘ಬೇಡ’

ರೆಸಾರ್ಟಿನ ಇಸ್ತ್ರಿ ಕೋಣೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಾಗ ನಾನು ಮೊದಲು ಮಾಡಿದ್ದು, ಕೋಟೆ ಪಟ್ಟಣದ ನನ್ನ ಟ್ಯೂಷನ್ ಮನೆಯ ಗೋಡೆಯಲ್ಲಿದ್ದ ಟೆನ್ಸ್ ಚಾರ್ಟನ್ನು ಕಿತ್ತು, ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡದ್ದು. ಎಲ್ಲ ಕಾಲಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆದ ಚಾರ್ಟು ಅದು, ನನ್ನ ಹೆಮ್ಮೆ. ಮೊದಲ ದಿನವೇ ಇಸ್ತ್ರಿಯ ಹಬೆಗೆ ಒದ್ದೆಯಾಗಿ, ಪಾಠದ ನಡುವೆ ಗೋಡೆ ಬಿಟ್ಟು ನನ್ನ ತಲೆಯ ಮೇಲೇ ಬಿತ್ತು. ಎದುರಿಗಿದ್ದವರು ನಗಲಿಲ್ಲ. ನಾನು ನಕ್ಕ ಮೇಲೆ ಅವರೂ ನಕ್ಕರು. ಮತ್ತೆ ಅದನ್ನು ಅಂಟಿಸುವ ಗೋಜಿಗೆ ಹೋಗಲಿಲ್ಲ.

ರೆಸಾರ್ಟು ಇದ್ದದ್ದು ಬೀಚನಹಳ್ಳಿಯಿಂದ ಸ್ವಲ್ಪ ಆಚೆ, ಕಬಿನಿ ಹಿನ್ನೀರಿನ ದಡದಲ್ಲಿ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಸಫಾರಿಗೆ ಜೀಪು ಹೊರಡುವ ತನಕ ಅಲ್ಲಿ ಕೆಲಸಗಾರರಿಗೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲೇ ತರಗತಿ. ತೋಟ ನೋಡಿಕೊಳ್ಳುವವರು, ದೋಣಿ ಓಡಿಸುವವರು, ರೂಮು ಗುಡಿಸುವವರು ಎಲ್ಲ ಇಸ್ತ್ರಿ ಮೇಜಿನ ಸುತ್ತ ನಿಂತು ಕಲಿಯುತ್ತಿದ್ದರು. ಕೂರಲು ಜಾಗವಿರಲಿಲ್ಲ. ಅತಿಥಿಗಳ ಜೊತೆ ತಪ್ಪಿಲ್ಲದೆ ನಾಲ್ಕು ಮಾತಾಡುವ ಹಾಗಾದರೆ ಸಾಕು ಎಂದು ನನಗೆ ಹೇಳಿದ್ದರು. ತಪ್ಪಿಲ್ಲದೆ ಎನ್ನುವ ಮಾತು ಕೇಳಿದರೆ ನನಗೆ ಮೈಮೇಲೆ ದೇವರು ಬಂದಂತಾಗುತ್ತದೆ. ಬಸ್ಸಿನ ಹಿಂದೆ ಬರೆದ ಇಂಗ್ಲಿಷನ್ನೂ ಮನಸ್ಸಿನಲ್ಲೇ ತಿದ್ದುವ ಜಾತಿ ನನ್ನದು.

ಆ ಗುಂಪಿನಲ್ಲಿ ಲಾಂಡ್ರಿಯ ಕೆಲಸದ ಒಬ್ಬ ಹೆಂಗಸು ಇದ್ದರು. ಬೀಚನಹಳ್ಳಿಯವರೇ. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಕಣ್ಣು ಚುರುಕು. ಅವರ ಎರಡೂ ಕೈಗಳ ಬೆರಳ ಸಂದಿ ಬ್ಲೀಚು ನೀರಿಗೆ ಬಿರಿದು ಕೆಂಪಗಾಗಿತ್ತು. ಮೈಸೂರಿನ ಚರ್ಮದ ಡಾಕ್ಟರು, ಇನ್ನು ಆ ನೀರಿಗೆ ಕೈ ಹಾಕಲೇಬೇಡಿ ಎಂದು ಹೇಳಿ ಕಳಿಸಿದ್ದರಂತೆ. ಲಾಂಡ್ರಿ ಬಿಟ್ಟರೆ ಅವರಿಗೆ ಉಳಿಯುವುದು ಶುಂಠಿ ಹೊಲದ ಕೂಲಿ, ಅಲ್ಲೂ ಕೆಸರು, ಔಷಧಿ. ಅತಿಥಿಗಳು ಉಣ್ಣುವ ಡೈನಿಂಗ್ ಹಾಲಿನಲ್ಲಿ ಬಡಿಸುವ ಒಂದು ಜಾಗ ಖಾಲಿಯಾಗುವುದಿತ್ತು. ಕಂಪನಿಯ ಹಿರಿಯ ಮ್ಯಾನೇಜರು ಬಂದು ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡಿ ಒಬ್ಬರನ್ನು ಆರಿಸುತ್ತಾರೆ ಎಂದು ಸುದ್ದಿ. ಈ ಹೆಂಗಸಿಗೆ ಆ ಜಾಗ ಬೇಕಿತ್ತು. ಅದನ್ನು ಅವರು ಬಾಯಿಬಿಟ್ಟು ನನಗೆ ಹೇಳಲಿಲ್ಲ. ಡೈನಿಂಗ್ ಹಾಲಿನ ಮೇಲ್ವಿಚಾರಕರು ಹೇಳಿದರು. ಅವರು ಕೊಡಗಿನ ಕಡೆಯವರು.

“ಅವರನ್ನ ಸ್ವಲ್ಪ ಹೆಚ್ಚಿಗೆ ನೋಡ್ಕೊಳ್ಳಿ ಟೀಚರೇ,” ಎಂದರು. “ಕೈ ನೋಡಿದ್ರಲ್ಲ? ಇನ್ನೊಂದು ಮಳೆಗಾಲ ಲಾಂಡ್ರೀಲಿ ಆಗೋದಿಲ್ಲ ಅವರಿಗೆ.”

ಚಾರ್ಟು ಹೋದ ಮೇಲೆ ನಾನು ಕೈಗೆ ಸಿಕ್ಕಿದ್ದರಲ್ಲೇ ಕಲಿಸಬೇಕಾಯಿತು. ಅಲ್ಲಿ ಸಿಗುತ್ತಿದ್ದದ್ದು ದಿಂಬಿನ ಕವರು. ಒಂದೊಂದು ಕವರು ಒಂದೊಂದು ಪದ ಎಂದು ಮೇಜಿನ ಮೇಲೆ ಸಾಲಾಗಿ ಹರಡಿದೆ. ‘ದೇ’, ‘ಆರ್’, ‘ಕಮಿಂಗ್.’ ಅವರು ಬರುತ್ತಿದ್ದಾರೆ. ಈಗ ಅದನ್ನೇ ಪ್ರಶ್ನೆ ಮಾಡಬೇಕಾದರೆ ಎರಡನೇ ಕವರನ್ನು ಎತ್ತಿ ಮೊದಲಿಗೆ ಇಡಿ, ಅಷ್ಟೇ. ‘ಆರ್ ದೇ ಕಮಿಂಗ್?’ ಕನ್ನಡದಲ್ಲಿ ನಮಗೆ ಈ ತಾಪತ್ರಯವಿಲ್ಲ, ಕೊನೆಗೊಂದು ದೀರ್ಘ ಎಳೆದರೆ ಪ್ರಶ್ನೆಯಾಗುತ್ತದೆ. ಹಾಗಾಗಿ ಪದ ಜಾಗ ಬದಲಿಸುವುದು ನಮ್ಮವರ ತಲೆಗೆ ಬೇಗ ಹತ್ತುವುದಿಲ್ಲ. ಕೈಯಲ್ಲಿ ಎತ್ತಿಟ್ಟ ಮೇಲೆ ಹತ್ತಿತು. ದೋಣಿಯವರು ಎರಡು ದಿನ ಎಲ್ಲವನ್ನೂ ಪ್ರಶ್ನೆಯಾಗಿಯೇ ಮಾತಾಡಿದರು, ಕೈಯಲ್ಲಿ ಒಂದು ಕವರು ಹಿಡಿದುಕೊಂಡು.

‘ಯು ವಾಂಟ್ ಟೀ’ ಎನ್ನುವಲ್ಲಿ ಎತ್ತಿಡಲು ಕವರೇ ಇಲ್ಲವಲ್ಲ, ಅಲ್ಲಿಗೆ ಏನು ಮಾಡುವುದು? ಪಕ್ಕದ ಕಪಾಟಿನಿಂದ ಒಂದು ಕರವಸ್ತ್ರ ತಂದು ಮುಂದೆ ಹಾಕಿದೆ. ಇದು ‘ಡು.’ ಹೊರಗಿನಿಂದ ಕರೆದ ಆಳು. ನಿನ್ನೆಯ ಮಾತಾದರೆ ಅದೇ ‘ಡಿಡ್’ ಆಗುತ್ತದೆ. ಆಗ ‘ವೆಂಟ್’ ಮತ್ತೆ ‘ಗೋ’ ಆಗಬೇಕು. ‘ಡಿಡ್ ಯು ವೆಂಟ್’ ಎನ್ನುವ ತಪ್ಪನ್ನು ಬಿಡಿಸಲು ನಾನು ಕೋಟೆಯ ಕಾಲೇಜು ಮಕ್ಕಳ ಜೊತೆ ವರ್ಷಗಟ್ಟಲೆ ಗುದ್ದಾಡಿದ್ದೇನೆ. ಇಲ್ಲಿ ಲಾಂಡ್ರಿಯ ಆಕೆ ಸ್ವಲ್ಪ ಹೊತ್ತು ಕವರುಗಳನ್ನು ನೋಡಿದರು.

“ಆಳು ಮೂಟೆ ಒತ್ಕೊಂಡ್ಮೇಲೆ ಯಜಮಾನ ಬರಿಗೈಲಿ ನಡೀತಾನೆ ಅನ್ನಿ ಮಿಸ್,” ಎಂದರು.

ನನಗೆ ಖುಷಿಯಾಗಿ ಅವರ ಬೆನ್ನು ತಟ್ಟಿದೆ. ಅಂದಿನಿಂದ ಬೇರೆಯವರಿಗಿಂತ ಅರ್ಧ ಗಂಟೆ ಹೆಚ್ಚು ಅವರಿಗೆ ಕಲಿಸುತ್ತಿದ್ದೆ. ಹಾಸಿಗೆಯ ಬಟ್ಟೆ ಮಡಿಸುತ್ತಲೇ ವಾಕ್ಯ ಹೇಳುವುದು ಅವರ ಕ್ರಮ. ಮೊದಲ ಮಡಿಕೆಗೆ ‘ವುಡ್ ಯು ಲೈಕ್’, ಎರಡನೆಯದಕ್ಕೆ ‘ಸಮ್ ಮೋರ್’, ಮೂರನೆಯದಕ್ಕೆ ‘ರೈಸ್’ ಎಂದು ಮುಗಿಸಿ ಬಟ್ಟೆಯನ್ನು ಪಕ್ಕಕ್ಕೆ ಇಡುತ್ತಿದ್ದರು. ಇನ್ನಷ್ಟು ಅನ್ನ ಹಾಕಲೇ, ನೀರು ಕೊಡಲೇ, ಸಾರು ಖಾರವಾಯಿತೇ, ಎಲ್ಲವೂ ಬಾಯಿಗೆ ಬಂತು. ಉಚ್ಚಾರಣೆಯಲ್ಲಿ ನಮ್ಮ ಸೀಮೆಯ ಸೊಗಡು ಇತ್ತು, ಅದನ್ನು ನಾನು ಮುಟ್ಟಲಿಲ್ಲ. ವ್ಯಾಕರಣದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮ್ಯಾನೇಜರು ಬರುವುದಕ್ಕೆ ಇನ್ನೂ ಸಮಯವಿದ್ದಾಗ ಮೇಲ್ವಿಚಾರಕರು ಲಾಂಡ್ರಿಯ ಆಕೆಯನ್ನು ಪರೀಕ್ಷೆಗೆಂದು ಮಧ್ಯಾಹ್ನದ ಊಟಕ್ಕೆ ಬಡಿಸಲು ನಿಲ್ಲಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಮ್ಮಮ್ಮ ನನ್ನನ್ನು ಹಾಡಿನ ಸ್ಪರ್ಧೆಗೆ ಕಳಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಹೀಗೇ. ಆಕೆ ಮುಂಬೈ ಕಡೆಯ ವಯಸ್ಸಾದ ಹೆಂಗಸೊಬ್ಬರ ಹತ್ತಿರ ಹೋದರು. “ವುಡ್ ಯು ಲೈಕ್ ಸಮ್ ಮೋರ್ ರೈಸ್?” ಸ್ಪಷ್ಟವಾಗಿ ಕೇಳಿಸಿತು. “ನೋ, ಥ್ಯಾಂಕ್ ಯು,” ಎಂದರು ಆ ಹೆಂಗಸು. ನಮ್ಮಾಕೆ ನಕ್ಕು, ಒಂದು ದೊಡ್ಡ ಸೌಟು ಅನ್ನ ಹಾಕಿದರು.

ಆ ಅಜ್ಜಿ ಗಾಬರಿಯಾಗಿ ತಟ್ಟೆ ನೋಡಿದರು. ಪಕ್ಕದ ಮೇಜಿನಲ್ಲೂ ಇದೇ ಕಥೆ. ಕೇಳುವುದು, ‘ನೋ’ ಎನ್ನಿಸಿಕೊಳ್ಳುವುದು, ಹಾಕುವುದು. ಕೊನೆಗೆ ದೊಡ್ಡ ಮನುಷ್ಯರೊಬ್ಬರು ತಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿ, “ಐ ಸೆಡ್ ನೋ!” ಎಂದು ಕೂಗಿದರು. ಹಾಲೆಲ್ಲ ತಿರುಗಿ ನೋಡಿತು. ಮೇಲ್ವಿಚಾರಕರು ಓಡಿ ಹೋಗಿ ಕ್ಷಮೆ ಕೇಳಿದರು. ಆಮೇಲೆ ನನ್ನ ಹತ್ತಿರ ಬಂದು ಹಣೆ ಚಚ್ಚಿಕೊಂಡರು.

“ಎಂತ ಟೀಚರೇ ಇದು? ಗ್ರಾಮರು ಸಾಕು. ನೋ ಅಂದ್ರೆ ಎಂತ ಅಂತ ಮೊದಲು ಕಲಿಸಿ.”

ನನಗೆ ಮುಖಕ್ಕೆ ಹೊಡೆದಂತಾಯಿತು. ನೋ ಎನ್ನುವುದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಪದ. ಆಕೆಯನ್ನು ಇಸ್ತ್ರಿ ಕೋಣೆಗೆ ಕರೆದುಕೊಂಡು ಹೋಗಿ ಕೇಳಿದೆ.

“ನೋ ಅಂದ್ರೆ ಏನು?”

“ಬ್ಯಾಡ ಅಂತ.”

“ಆ ಅಜ್ಜಿ ಏನಂದ್ರು ನಿಮಗೆ?”

“ನೋ ಅಂದ್ರು.”

“ಮತ್ತೆ ಯಾಕೆ ಹಾಕಿದ್ರಿ?”

ಆಕೆ ನನ್ನನ್ನು, ಇಷ್ಟೂ ತಿಳಿಯದೆ ಪಾಠ ಹೇಳಲು ಬಂದಿದ್ದಾರಲ್ಲ ಎನ್ನುವಂತೆ ನೋಡಿದರು.

“ಒಂದೇ ಸಲ ಅಂದ್ರಲ್ಲ ಮಿಸ್!”

ನಾನೂ ಇದೇ ಸೀಮೆಯ ಬೆಟ್ಟದಪುರದ ಹೆಣ್ಣು, ಹೊಗೆಸೊಪ್ಪಿನ ಬೇಸಾಯದ ಮನೆಯಲ್ಲಿ ಬೆಳೆದವಳು. ಆ ಮಾತು ನನಗೆ ಅರ್ಥವಾಗದೆ ಏನು? ಅರ್ಥವಾಯಿತು. ಆದರೆ ಅದು ಒಂದು ನಿಯಮ, ಇಂಗ್ಲಿಷಿನ ‘ಡಿಡ್’ನಷ್ಟೇ ಗಟ್ಟಿಯಾದ ನಿಯಮ ಎಂದು ಅಲ್ಲಿಯತನಕ ಯೋಚಿಸಿರಲಿಲ್ಲ. ಆಕೆ ವಿವರಿಸಿದರು. ಉಣ್ಣುವವರು ಮೊದಲು ಬೇಡ ಅಂದರೆ ಅದು ಮರ್ಯಾದೆಯ ಬೇಡ. ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದು ಸಂಕೋಚದ್ದು. ಆಮೇಲೆ ತಟ್ಟೆಗೆ ಕೈ ಅಡ್ಡ ಹಿಡಿದು ಹೇಳುತ್ತಾರಲ್ಲ, ಅದು ನಿಜವಾದ ಬೇಡ.

“ಮೊದ್ಲುನ್ ಮಾತ್ಗೇ ಸೌಟು ಎತ್ಕೊಂಡೋದ್ರೆ ಏನಂತಾರೆ ಯೋಳಿ? ಇಕ್ಕಾಕೆ ಇಷ್ಟ ಇಲ್ದೋರು ಅನ್ನಾಕಿಲ್ವಾ? ನಂಗೆ ಆ ಕೇಳೋದೇ ಕಷ್ಟ ಕಣ್ರೀ. ಉಣ್ಣಕ್ ಕುಂತೋರ್ನ ಬೇಕಾ ಅಂತ ಯಾರಾರ ಕೇಳ್ತಾರಾ?”

ಆ ಭಾನುವಾರ ಅವರ ಮನೆಗೆ ಊಟಕ್ಕೆ ಕರೆದರು. ನನಗೆ ಊಟಕ್ಕಿಂತ ಬಡಿಸುವುದನ್ನು ನೋಡುವ ಆಸೆಯೇ ದೊಡ್ಡದಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ, ಏಕೆಂದರೆ ಹಿನ್ನೀರಿನ ಮೀನಿನ ಸಾರು ಮಾಡಿದ್ದರು. ಬಡಿಸಿದವರು ಅವರ ಅತ್ತೆ. ಗಟ್ಟಿಮುಟ್ಟಾದ ಮುದುಕಿ, ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದರು. ಒಂದು ಮುದ್ದೆ ಮುಗಿಯುವ ಹೊತ್ತಿಗೆ ಇನ್ನೊಂದು ಅರ್ಧ ಮುರಿದು ಹಿಡಿದರು.

“ಬೇಡ ಅಜ್ಜಿ, ಸಾಕು,” ಎಂದೆ.

“ಉಣ್ಣವ್ವ, ಏನ್ ಮಹಾ ಉಂಡಿದೀಯ?” ಬಿತ್ತು.

ನಾನು ಬೇಕೆಂದೇ ಪರೀಕ್ಷೆ ಮಾಡಿದೆ. ಸಾರು ಹಾಕುವಾಗ ಮೊದಲ ಸಲವೇ ತುಂಬ ಗಂಭೀರವಾಗಿ, ಮುಖ ಗಂಟು ಹಾಕಿಕೊಂಡು ಬೇಡ ಎಂದೆ. ಅಜ್ಜಿ ನಿಂತುಬಿಟ್ಟರು. ಸೊಸೆಯ ಕಡೆ ತಿರುಗಿ, “ಯಾಕವ್ವ, ಸಾರು ರುಚಿಯಾಗಿಲ್ವಂತಾ? ಉಪ್ಪು ಜಾಸ್ತಿ ಆಯ್ತಾ?” ಎಂದು ಕೇಳಿದರು. ಅವರ ಮುಖ ಸಣ್ಣದಾಗಿತ್ತು. ನನಗೆ ನಾಚಿಕೆಯಾಗಿ ತಟ್ಟೆ ಮುಂದೆ ಹಿಡಿದು ಎರಡು ಸಲ ಹಾಕಿಸಿಕೊಂಡೆ. ಬಸ್ಸು ಹತ್ತುವಾಗ ಉಸಿರಾಡಲು ಕಷ್ಟವಾಗುತ್ತಿತ್ತು.

ಕೋಟೆಗೆ ಬರುವ ಬಸ್ಸಿನಲ್ಲಿ ನನಗೆ ಇನ್ನೊಂದು ನೆನಪಾಯಿತು. ಈ ಕೆಲಸದ ಮಾತುಕತೆಗೆ ಮೈಸೂರಿನಲ್ಲಿ ಅದೇ ಹಿರಿಯ ಮ್ಯಾನೇಜರನ್ನು ನೋಡಲು ಹೋಗಿದ್ದೆ. ಅವರು ಉತ್ತರದ ಕಡೆಯವರು. ಮಾತು ಮುಗಿಯುವ ಹೊತ್ತಿಗೆ ಊಟದ ಸಮಯ. ನಮ್ಮ ಜೊತೆ ಊಟ ಮಾಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಶುದ್ಧ ವ್ಯಾಕರಣದಲ್ಲಿ, ಇಲ್ಲ ಸರ್, ತೊಂದರೆ ತೆಗೆದುಕೊಳ್ಳಬೇಡಿ ಎಂದೆ. ಅವರು ಸರಿ ಎಂದು ಎದ್ದು ಹೋದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಒಣ ಬನ್ನು ತಿನ್ನುತ್ತ, ಎಂಥ ಜಿಪುಣ ಮನುಷ್ಯ ಎಂದು ಊರು ಮುಟ್ಟುವ ತನಕ ಬೈದುಕೊಂಡಿದ್ದೆ. ಪಾಪ, ಅವರ ತಪ್ಪೇನು? ನಾನು ಬೇಡ ಅಂದೆ, ಅವರು ನಂಬಿದರು.

ಅಲ್ಲಿಂದ ನನಗೆ ಇದೇ ಹುಚ್ಚಾಯಿತು. ದಾರಿಯಲ್ಲಿ ಸಿಗುವ ಹ್ಯಾಂಡ್‌ಪೋಸ್ಟ್ ಊರಿನ ಟೀ ಅಂಗಡಿಯಲ್ಲಿ ಬೇಕೆಂದೇ ಹೆಚ್ಚು ಹೊತ್ತು ಕುಳಿತು ಕಿವಿಗೊಟ್ಟೆ. “ಬಾರ್ಲಾ, ಟೀ ಕುಡಿ.” “ಬ್ಯಾಡ ಕಣ್ಲಾ, ಈಗ್ತಾನೆ ಆಯ್ತು.” “ಅದ್ಯಾಕ್ಲಾ, ಅರ್ಧ ಕುಡಿ ಬಾ.” “ಬ್ಯಾಡ ಬುಡ್ಲಾ...” ಎನ್ನುವಾಗಲೇ ಆತ ಬೆಂಚಿನ ಮೇಲೆ ಕುಳಿತಾಗಿರುತ್ತಿತ್ತು. ಒಬ್ಬನೇ ಒಬ್ಬ ಮೊದಲ ಮಾತಿಗೆ ಹೂಂ ಎಂದದ್ದು ಕಾಣಲಿಲ್ಲ. ಮೊದಲ ಮಾತಿಗೆ ಬಿಟ್ಟುಬಿಟ್ಟವನನ್ನೂ ಕಾಣಲಿಲ್ಲ. ನನ್ನ ಹತ್ತಿರ ಇರುವ ದಪ್ಪ ದಪ್ಪ ವ್ಯಾಕರಣದ ಪುಸ್ತಕಗಳನ್ನು ತೆಗೆದು ನೋಡಿದೆ. ‘ವುಡ್ ಯು ಲೈಕ್’ಗೆ ಅರ್ಧ ಪುಟವಿತ್ತು. ಅದಕ್ಕೆ ಉತ್ತರವಾಗಿ ಬರುವ ‘ನೋ, ಥ್ಯಾಂಕ್ ಯು’ ಎಷ್ಟನೆಯ ಸಲದ್ದು ಎಂದು ಯಾರೂ ಬರೆದಿರಲಿಲ್ಲ.

ಇಷ್ಟಾದ ಮೇಲೆ ಒಂದು ದಿನ ದಿಂಬಿನ ಕವರು ತೆಗೆಯದೆ ಪಾಠ ಮಾಡಿದೆ. ಎಲ್ಲರಿಗೂ ಒಂದೇ ಮಾತು ಹೇಳಿದೆ: ಇಲ್ಲಿಗೆ ಬರುವ ಅತಿಥಿಗಳಲ್ಲಿ ಹೆಚ್ಚಿನವರ ನೋ ಒಂದೇ ಸಲದ್ದು. ಮೊದಲನೆಯದೇ ಕೊನೆಯದು. ಅಲ್ಲಿಗೆ ನಿಲ್ಲಿಸಿ ಮುಂದಿನ ಮೇಜಿಗೆ ಹೋಗಿ.

“ಪಾಪ,” ಎಂದರು ಲಾಂಡ್ರಿಯ ಆಕೆ. “ಅಂಗಾದ್ರೆ ಅವ್ರ ಊರಲ್ಲಿ ಎಷ್ಟು ಜನ ಅಸ್ಕೊಂಡೇ ಏಳ್ತಾರೋ.”

ಅಭ್ಯಾಸ ಶುರುವಾಯಿತು. ನಾನು ಅತಿಥಿ, ಅವರು ಬಡಿಸುವವರು, ಇಸ್ತ್ರಿ ಮೇಜು ಊಟದ ಮೇಜು. ನೋ ಎಂದ ಕೂಡಲೇ ಅವರ ಕೈ ಮುಂದೆ ಬರುತ್ತಿತ್ತು. ಬಾಯಿ ಕಲಿತಷ್ಟು ಬೇಗ ಕೈ ಕಲಿಯುವುದಿಲ್ಲ. ಕೊನೆಗೆ ಒಂದು ಉಪಾಯ ಹುಡುಕಿದೆವು. ನೋ ಕೇಳಿಸಿದ ತಕ್ಷಣ ಎಡಗಾಲು ಹಿಂದಕ್ಕೆ ಇಡುವುದು. ಕಾಲು ಹಿಂದೆ ಹೋದರೆ ಕೈ ಮುಂದೆ ಹೋಗಲಾರದು. ಎರಡನೇ ಸಲ ಊಟದ ಹಾಲಿಗೆ ಬಡಿಸಲು ಹೋದಾಗ ಅವರು ಹಾಗೇ ಮಾಡಿದರು, ಒಂದು ಮೇಜಿನಲ್ಲೂ ತಪ್ಪಲಿಲ್ಲ. ಆದರೆ ಅಡುಗೆಮನೆಗೆ ಮರಳಿದವರೇ, “ಮನ್ಸಿಗೆ ಎಂಗೋ ಆಯ್ತದೆ ಮಿಸ್,” ಎಂದು ಅನ್ನದ ಪಾತ್ರೆಯನ್ನೇ ನೋಡುತ್ತ ನಿಂತರು. ಮೇಲ್ವಿಚಾರಕರಿಗೆ ಮಾತ್ರ ಸಂತೋಷವಾಗಿ ನನಗೆ ಎರಡು ಹೋಳಿಗೆ ತರಿಸಿಕೊಟ್ಟರು. ನಾನು ಬೇಡ ಅಂದೆ, ಅವರು ಕೇಳಲಿಲ್ಲ, ತಿಂದೆ.

ಹಿರಿಯ ಮ್ಯಾನೇಜರು ಬಂದರು. ರಿಸೆಪ್ಷನ್ ಪಕ್ಕದ ಗಾಜಿನ ಕೋಣೆಯಲ್ಲಿ ಮಾತುಕತೆ. ಪಾಠ ಹೇಳಿದವರು ನೀವೂ ಇರಿ, ಆದರೆ ಬಾಯಿ ಹಾಕಬೇಡಿ ಎಂದು ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆಯಲ್ಲ. ಆದರೂ ಕೂತೆ.

ಲಾಂಡ್ರಿಯ ಆಕೆ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು ಬಂದಿದ್ದರು. ಮ್ಯಾನೇಜರು ಊರು ಯಾವುದು, ಇಲ್ಲಿ ಎಷ್ಟು ಕಾಲದಿಂದ ಇದ್ದೀರಿ, ಅತಿಥಿಗೆ ಮೀನು ಆಗುವುದಿಲ್ಲ ಎಂದರೆ ಏನು ಹೇಳುತ್ತೀರಿ ಎಂದೆಲ್ಲ ಕೇಳಿದರು. ಎಲ್ಲಕ್ಕೂ ನಿಧಾನವಾಗಿ, ಸರಿಯಾಗಿ ಉತ್ತರ ಬಂತು. ‘ಐ ಹ್ಯಾವ್ ವರ್ಕ್ಡ್ ಹಿಯರ್’ ಎಂದು ಆ ಕಷ್ಟದ ಕಾಲವನ್ನೂ ತಪ್ಪಿಲ್ಲದೆ ಹೇಳಿದಾಗ ನಾನು ಎದ್ದು ಕುಣಿಯುವುದೊಂದು ಬಾಕಿ. ಮ್ಯಾನೇಜರಿಗೂ ಹಿಡಿಸಿದ್ದು ಕಾಣುತ್ತಿತ್ತು. ನಕ್ಕು, ಪೆನ್ನಿನ ಮುಚ್ಚಳ ಹಾಕುತ್ತ ಕೊನೆಯದಾಗಿ ಕೇಳಿದರು.

“ವುಡ್ ಯು ಲೈಕ್ ಟು ವರ್ಕ್ ಇನ್ ದ ಡೈನಿಂಗ್ ಹಾಲ್?”

ಆಕೆ ತಲೆ ತಗ್ಗಿಸಿದರು. ಮುಖದಲ್ಲಿ ನಗು.

“ನೋ ಸರ್. ಇಟ್ ಈಸ್ ಓಕೆ ಸರ್.”

ಮ್ಯಾನೇಜರು ಸ್ವಲ್ಪ ಆಶ್ಚರ್ಯಪಟ್ಟರು. “ಆಲ್ ರೈಟ್. ಥ್ಯಾಂಕ್ ಯು,” ಎಂದರು. ಅಷ್ಟೇ. ಮುಂದಿನವರನ್ನು ಕರೆಯಲು ಹೇಳಿದರು. ಅತಿಥಿಗಳ ‘ನೋ’ವನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ದಿನಗಟ್ಟಲೆ ಕಾಲು ಹಿಂದಿಡಿಸಿ ಕಲಿಸಿದ್ದೆವು. ಅವರದೇ ‘ನೋ’ವನ್ನು ಎದುರಿನವರು ಹೇಗೆ ತೆಗೆದುಕೊಳ್ಳುತ್ತಾರೆ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಎಲ್ಲಕ್ಕಿಂತ ಸಂಕಟದ ವಿಷಯವೆಂದರೆ, ಆಕೆ ಹೊರಗೆ ಖುಷಿಯಾಗಿದ್ದರು. ಬೇರೆಯವರು ಸುತ್ತ ನಿಂತು ಎಂಗಾಯ್ತು ಎಂದು ಕೇಳುತ್ತಿದ್ದರು.

“ಚೆನ್ನಾಗಾಯ್ತು ಕಣ್ರೀ. ಎಲ್ಲಾದ್ಕೂ ಯೋಳ್ದೆ.” ನನ್ನನ್ನು ಕಂಡು ಹತ್ತಿರ ಬಂದರು. “ಕೆಲ್ಸದ್ ಮಾತೂ ತೆಗುದ್ರು ಮಿಸ್.”

“ನೀವು ನೋ ಅಂದ್ರಲ್ಲ!”

“ಊಂ ಮತ್ತೆ. ಕೇಳಿದ್ ತಕ್ಷಣ ಬಾಯ್ ಬುಟ್ಕೊಂಡು ಊಂ ಅನ್ನಾಕಾಯ್ತದಾ? ಅಷ್ಟು ದೊಡ್ಡೋರ ಮುಂದೆ? ಇನ್ನೊಂದ್ ಸಲ ಕೇಳೇ ಕೇಳ್ತಾರೆ ಬುಡಿ.”

ಸಂಜೆಯ ಜೀಪುಗಳು ಹೊರಟ ಮೇಲೆ ಮೇಲ್ವಿಚಾರಕರು ಇಸ್ತ್ರಿ ಕೋಣೆಗೆ ಬಂದರು. ಆ ಜಾಗಕ್ಕೆ ಮೈಸೂರಿನ ಹೋಟೆಲಿನಿಂದ ಯಾರನ್ನಾದರೂ ಕರೆಸೋಣ, ಇಲ್ಲಿಯ ಆ ಹೆಂಗಸಿಗೆ ಇಂಗ್ಲಿಷ್ ಚೆನ್ನಾಗಿದೆ, ಆದರೆ ಮನಸ್ಸಿಲ್ಲ ಎಂದು ಮ್ಯಾನೇಜರು ಹೇಳಿದರಂತೆ. ನಾಳೆ ಬೆಳಗಿನ ತಿಂಡಿ ಮುಗಿಸಿ ಹೊರಡುತ್ತಾರೆ.

“ನೀವು ಹೋಗಿ ಹೇಳಿ ಟೀಚರೇ. ನಿಮ್ಮ ಮಾತು ಕೇಳ್ತಾರೆ.”

ನಾನು ಎದ್ದೇಬಿಟ್ಟಿದ್ದೆ. ಹೇಳಬೇಕಾದ ವಾಕ್ಯಗಳೂ ಜೋಡಣೆಯಾಗಿದ್ದವು, ಅಲ್ಪವಿರಾಮ ಪೂರ್ಣವಿರಾಮ ಸಮೇತ. ಅರ್ಧ ದಾರಿ ಹೋದವಳು ದೋಣಿ ಕಟ್ಟುವ ಕಟ್ಟೆಯ ಹತ್ತಿರ ನಿಂತೆ. ನಾನು ಹೋಗಿ ಹೇಳಿದರೆ ಮ್ಯಾನೇಜರು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು. ನಾಳೆ ಕೆಲಸಕ್ಕೆ ಸೇರಿದ ಮೇಲೆ ಹಾಲಿನಲ್ಲಿ ಇವರ ಪರವಾಗಿ ಮಾತಾಡಲು ನೀವು ಬರುತ್ತೀರಾ? ನನ್ನ ಬಾಯಿಂದ ಕೆಲಸ ಸಿಕ್ಕರೆ ಅದು ನನ್ನ ಇಂಗ್ಲಿಷಿಗೆ ಸಿಕ್ಕ ಕೆಲಸ. ಆಕೆಯ ಇಂಗ್ಲಿಷು ಬೇರೆಯವರಿಗೆ ಅನ್ನ ಬೇಕೇ ಎಂದು ಕೇಳುವುದಕ್ಕೆ ಮಾತ್ರವೇ, ತಮಗೆ ಬೇಕಾದ್ದನ್ನು ಕೇಳುವುದಕ್ಕೂ ಬರುತ್ತದೆಯೇ? ಇದನ್ನು ಯೋಚಿಸುತ್ತ ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ಆಮೇಲೆ ವಾಪಸ್ಸು ಬಂದೆ. ಮೇಲ್ವಿಚಾರಕರಿಗೆ ನನ್ನ ಮೇಲೆ ಸಿಟ್ಟು ಬಂತು. ನಾಳೆ ತಿಂಡಿಗೆ ಇವರನ್ನು ಬಡಿಸಲು ಹಾಕಿ, ಅಷ್ಟು ಸಾಕು ಎಂದು ಕೇಳಿಕೊಂಡೆ.

ಆಕೆಗೆ ವಿಷಯ ಹೇಳುವುದು ನನ್ನ ಪಾಲಿಗೆ ಬಂತು. ಆ ಮನುಷ್ಯರು ಇನ್ನೊಂದು ಸಲ ಕೇಳುವುದಿಲ್ಲ ಎಂದೆ. ಅವರು ನಂಬಲಿಲ್ಲ. ಮತ್ತೆ ಹೇಳಿದೆ.

“ಅಂಗಾದ್ರೆ ನಾನೇ ಓಗಿ ಬೇಕು ಅನ್ಬೇಕಾ? ಚಿಕ್ ಮಕ್ಳು ಮಿಠಾಯಿ ಕೇಳ್ದಂಗೆ?”

“ಹೌದು.”

“ನನ್ ಮದ್ವೆ ಆದಾಗ್ಲಿಂದ ನಮ್ಮಟ್ಟೀಲಿ ಇದು ಬೇಕು ಅಂತ ಕೇಳಿಲ್ಲ ಕಣ್ರೀ ನಾನು. ಅವ್ರೇ ನೋಡಿ ಕೊಡ್ಬೇಕು. ಕೊಡ್ತಾರೆ.”

“ಇವರು ನೋಡಲ್ಲ. ಕೇಳ್ತಾರೆ, ಕೇಳಿದ್ದನ್ನ ನಂಬ್ತಾರೆ.”

ಒಂದು ವಾಕ್ಯ ಜೋಡಿಸಿಕೊಟ್ಟೆ. ‘ಐ ವುಡ್ ಲೈಕ್ ಟು ವರ್ಕ್ ಇನ್ ದ ಡೈನಿಂಗ್ ಹಾಲ್.’ ಪ್ರಶ್ನೆಯ ಕವರು ಜಾಗ ಬದಲಿಸಿದರೆ ಆಯಿತು, ಹೊಸದೇನಿಲ್ಲ. ಆಕೆ ಬಟ್ಟೆ ಮಡಿಸುತ್ತ ಶುರು ಮಾಡಿದರು. ‘ಐ ವುಡ್’ ಎನ್ನುವ ತನಕ ಬಂದು ನಿಂತರು. ಮತ್ತೆ ಶುರು ಮಾಡಿದರು, ಅಲ್ಲೇ ನಿಂತರು. ಬೇರೆಯವರ ಬಾಯಿಗೆ ಹಾಕಬಹುದಾದ ‘ಲೈಕ್’ ತಮ್ಮ ಬಾಯಿಂದ ತಮಗಾಗಿ ಹೊರಡಲೊಲ್ಲದು. ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳಲು ಹೋದ ಬಿರುಕು ಬೆರಳು ಉರಿದು, “ಆಗಾಕಿಲ್ಲ ಬುಡಿ ಮಿಸ್, ನನ್ ಅಣೇಲಿ ಇದ್ದಂಗಾಗ್ಲಿ,” ಎಂದು ಬಟ್ಟೆ ಹೊತ್ತುಕೊಂಡು ಹೊರಟುಬಿಟ್ಟರು. ನನಗೂ ಅಳು ಬಂತು. ನಾನು ಹೋಗಿ ಹೇಳಿಬಿಡಬೇಕಿತ್ತೇನೋ ಎಂದು ಬಸ್ಸಿನುದ್ದಕ್ಕೂ ಒದ್ದಾಡಿದೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ. ಹಾಲಿನ ಕಿಟಕಿಗಳಾಚೆ ಹಿನ್ನೀರಿನ ಮೇಲೆ ಇನ್ನೂ ಮಂಜು ಇತ್ತು. ಮ್ಯಾನೇಜರು ಒಬ್ಬರೇ ಕುಳಿತು ಅಕ್ಕಿ ರೊಟ್ಟಿ ತಿನ್ನುತ್ತಿದ್ದರು, ಪಕ್ಕದಲ್ಲಿ ಅವರ ಪೆಟ್ಟಿಗೆ. ನನ್ನನ್ನು ಕಂಡು ಎದುರಿನ ಕುರ್ಚಿ ತೋರಿಸಿದರು. ತಿಂಡಿ ಆಗಿದೆಯೇ, ರೊಟ್ಟಿ ತಿನ್ನುತ್ತೀರಾ ಎಂದು ಕೇಳಿದರು. ಹಸಿವಾಗಿತ್ತು, ಮೊದಲ ಮಾತಿಗೇ ಹೂಂ ಎಂದೆ. ನನ್ನ ಕಿವಿಗೇ ಅದು ವಿಚಿತ್ರವಾಗಿ ಕೇಳಿಸಿತು.

ಆಕೆ ಹಾಲಿನವರ ಹಸಿರು ಕೋಟು ಹಾಕಿಕೊಂಡು ರೊಟ್ಟಿಯ ತಟ್ಟೆ ಹಿಡಿದು ಬಂದರು. ಕೋಟು ಸ್ವಲ್ಪ ದೊಡ್ಡದಾಗಿತ್ತು. ನನಗೆ ಬಡಿಸಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು.

“ವುಡ್ ಯು ಲೈಕ್ ಸಮ್ ಮೋರ್ ರೊಟ್ಟಿ, ಸರ್?”

“ನೋ, ಥ್ಯಾಂಕ್ ಯು.”

ಎಡಗಾಲು ಹಿಂದೆ ಹೋಯಿತು. ಆದರೆ ಅವರು ಹೋಗಲಿಲ್ಲ. ಅಲ್ಲೇ ನಿಂತರು. ಮ್ಯಾನೇಜರು ಒಂದು ತುತ್ತು ತಿಂದು, ಮೇಜಿನ ಮೇಲೆ ಇನ್ನೂ ಆಕೆಯ ನೆರಳು ಇದ್ದದ್ದು ಕಂಡು ತಲೆ ಎತ್ತಿದರು. ನಾನು ಹಿಂದಿನ ಸಂಜೆ ಜೋಡಿಸಿಕೊಟ್ಟ ವಾಕ್ಯಕ್ಕಾಗಿ ಕಾಯುತ್ತಿದ್ದೆ. ಬಂದದ್ದು ಬೇರೆ.

“ಸರ್, ಯೆಸ್ಟರ್‌ಡೇ ಯು ಆಸ್ಕ್ಡ್ ಮಿ ಒನ್ ಟೈಮ್. ಪ್ಲೀಸ್ ಆಸ್ಕ್ ಒನ್ ಮೋರ್ ಟೈಮ್.”

ಮ್ಯಾನೇಜರಿಗೆ ತಿಳಿಯಲಿಲ್ಲ. ಅವರು ನನ್ನ ಕಡೆ ನೋಡಿದರು, ಏನಿದು, ಸ್ವಲ್ಪ ಹೇಳಿ ಎನ್ನುವಂತೆ. ನಾನು ರೊಟ್ಟಿ ಮುರಿಯುತ್ತ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

“ಇನ್ ಮೈ ಹೌಸ್,” ಎಂದರು ಆಕೆ, ಒಂದೊಂದೇ ಪದವನ್ನು ಎತ್ತಿ ಇಡುತ್ತ, “ಫಸ್ಟ್ ನೋ ಈಸ್ ನಾಟ್ ನೋ, ಸರ್. ಫಸ್ಟ್ ನೋ ಈಸ್ ರೆಸ್ಪೆಕ್ಟ್. ಮೈ ಮದರ್ ಇನ್ ಲಾ ಆಸ್ಕ್ಸ್ ಅಗೇನ್. ಎವ್ರಿಬಡಿ ಆಸ್ಕ್ಸ್ ಅಗೇನ್. ಯು ಡಿಡ್ ನಾಟ್ ಆಸ್ಕ್.”

ದೂರು ಹೇಳುವ ದನಿಯಲ್ಲ ಅದು. ಹೀಗಿದೆ ನಮ್ಮ ಕಡೆ ಎಂದು ಹೊಸಬರಿಗೆ ದಾರಿ ತೋರಿಸುವ ದನಿ. ಮ್ಯಾನೇಜರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. ಕೈ ಒರೆಸಿಕೊಂಡು ನೆಟ್ಟಗೆ ಕೂತರು. ಅಡುಗೆಮನೆಯ ಬಾಗಿಲಲ್ಲಿ ಮೇಲ್ವಿಚಾರಕರೂ ಅಡುಗೆಯವರೂ ಒಬ್ಬರ ಹಿಂದೆ ಒಬ್ಬರು ನಿಂತದ್ದು ನನಗೆ ಕಾಣುತ್ತಿತ್ತು.

“ಐ ಸೀ,” ಎಂದರು ಮ್ಯಾನೇಜರು. “ಓಕೆ. ಐ ವಿಲ್ ಆಸ್ಕ್ ಅಗೇನ್. ವುಡ್ ಯು ಲೈಕ್ ಟು ವರ್ಕ್...”

ಆಗ ನನಗೆ ಹೆದರಿಕೆಯಾಯಿತು. ಎರಡನೆಯ ಸಲವೂ ಬೇಡ ಎನ್ನುವುದೇ ನಮ್ಮ ರೂಢಿ. ಎರಡನೆಯದು ಸಂಕೋಚದ್ದು ಎಂದು ಆಕೆಯೇ ನನಗೆ ಕಲಿಸಿದ್ದರು. ಆಕೆಯ ತುಟಿ ಅಲುಗಿತು. ತಟ್ಟೆ ಹಿಡಿದ ಆ ಬಿರುಕು ಬೆರಳುಗಳು ಬಿಗಿಯಾದವು.

“ಎಸ್ ಸರ್!”

ಹಾಲಿನಲ್ಲಿ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಬಂತು. ಅವರ ಪ್ರಶ್ನೆ ಇನ್ನೂ ಅರ್ಧದಲ್ಲೇ ಇತ್ತು. ಮ್ಯಾನೇಜರು ನಗು ತಡೆದುಕೊಂಡು, “...ಇನ್ ದ ಡೈನಿಂಗ್ ಹಾಲ್?” ಎಂದು ಉಳಿದದ್ದನ್ನು ಮುಗಿಸಿದರು.

ಅದಕ್ಕೂ ಆಕೆ “ಎಸ್ ಸರ್” ಎಂದರು.